ಮರಳಿ ಬಾರದ ಗಿರಾಕಿ

ಮೋಟಾರ್ ಸೈಕಲಿನಲ್ಲಿ ಲೋಕ ಸುತ್ತಿದವರು ಬರೆದ ಪುಸ್ತಕಗಳಲ್ಲಿ ಒಂದು ಬಗೆಯ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಇಂಥ ಊರಿನಲ್ಲಿ ಎರಡು ದಿನ ನಿಂತು, ಗಾಡಿ ರಿಪೇರಿ ಮಾಡಿಸಿಕೊಂಡು, ಮುಂದೆ ಹೊರಟೆ ಎನ್ನುವಂಥ ವಾಕ್ಯ. ಅದರ ಹಿಂದಿನ ಪುಟದಲ್ಲಿ ಮರಳುಗಾಡು ಇರುತ್ತದೆ, ಮುಂದಿನ ಪುಟದಲ್ಲಿ ಗಡಿಠಾಣೆಯ ಪೊಲೀಸ. ನಡುವಿನ ಆ ಎರಡು ದಿನಕ್ಕೆ ಒಂದು ಅಲ್ಪವಿರಾಮದಷ್ಟು ಜಾಗ. ರಿಪೇರಿ ಮಾಡಿದವನ ಹೆಸರು ಕೆಲವೊಮ್ಮೆ ಸಿಗುತ್ತದೆ, ಹೆಚ್ಚಿನ ಸಲ ಸಿಗುವುದಿಲ್ಲ.

ಪ್ರವಾಸ ಕಥನಗಳಲ್ಲಿ ಯಂತ್ರಗಳ ಪಾತ್ರ ನನ್ನ ಪಿಎಚ್.ಡಿ. ವಿಷಯ. ಮೂರು ವರ್ಷಗಳಿಂದ ಇಂಥ ಪುಸ್ತಕಗಳನ್ನು ಓದುತ್ತಾ ಬಂದಿರುವ ನನಗೆ ಈಗ ಮರಳುಗಾಡಿಗಿಂತ ಆ ಅಲ್ಪವಿರಾಮದ ಮೇಲೆಯೇ ಹೆಚ್ಚು ಆಸಕ್ತಿ. ಯಾವುದೇ ವ್ಯವಸ್ಥೆ ಸರಿಯಾಗಿ ನಡೆಯುವಾಗ ಕಣ್ಣಿಗೆ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುತ್ತದೆ ಎಂದು ಸಮಾಜಶಾಸ್ತ್ರಜ್ಞೆ ಸೂಸನ್ ಲೀ ಸ್ಟಾರ್ ವಾದಿಸಿದ್ದರು. ಪರದೇಶದಲ್ಲಿ ಕೆಟ್ಟು ನಿಂತ ಬೈಕಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಓಡುವ ಬೈಕು ಸವಾರನ ಕಥೆಯನ್ನಷ್ಟೇ ಹೇಳುತ್ತದೆ. ನಿಂತ ಬೈಕಿನ ಸುತ್ತ ಕಾರ್ಖಾನೆ, ಹಡಗು, ಸುಂಕದ ಕಟ್ಟೆ, ಡೀಲರ್, ಲೇತು, ಮೆಕ್ಯಾನಿಕ್ ಎಲ್ಲರೂ ಬಂದು ಸೇರುತ್ತಾರೆ.

ಅಲ್ಲಿ ಒಂದು ನೈತಿಕ ಪ್ರಶ್ನೆಯೂ ಇದೆ. ವ್ಯಾಪಾರ ನಡೆಯುವುದು ಗಿರಾಕಿ ಮತ್ತೆ ಬರುತ್ತಾನೆಂಬ ನಂಬಿಕೆಯ ಮೇಲೆ. ದಾರಿಹೋಕ ಸವಾರ ಮತ್ತೆ ಬರುವವನಲ್ಲ. ಅವನು ಬೈಕು ಕೊಂಡದ್ದು ಬೇರೆ ದೇಶದ ಬೇರೆ ಅಂಗಡಿಯಲ್ಲಿ. ಲಾಭ ಹೋದದ್ದೂ ಅಲ್ಲಿಗೇ. ಹಾಗಿದ್ದೂ ಗೊತ್ತಿಲ್ಲದ ಊರಿನ ಡೀಲರ್ ಅವನ ಗಾಡಿಗೆ ಯಾಕೆ ಕೈ ಹಾಕಬೇಕು? ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ಬಂದಿವೆ.

ಮೊದಲ ಉತ್ತರ 1912ರದು. ಮೋಟಾರ್ ಸೈಕಲಿನಲ್ಲಿ ಭೂಮಿಯನ್ನು ಸುತ್ತಿ ಬಂದ ಮೊದಲಿಗನೆಂದು ಹೆಸರಾದ ಅಮೆರಿಕದ ಕಾರ್ಲ್ ಸ್ಟರ್ನ್ಸ್ ಕ್ಲಾನ್ಸಿ ಆ ವರ್ಷದ ಅಕ್ಟೋಬರಿನಲ್ಲಿ ಡಬ್ಲಿನ್‌ನಿಂದ ಹೊರಟ. ಯುರೋಪು, ಉತ್ತರ ಆಫ್ರಿಕಾ, ಸಿಲೋನ್, ಚೀನಾ, ಜಪಾನ್ ದಾಟಿ, ಅಮೆರಿಕವನ್ನು ಅಡ್ಡಲಾಗಿ ಹಾದು, 1913ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಸೇರಿದ. ಒಟ್ಟು ದೂರ 18,000 ಮೈಲಿ, ಅಂದರೆ ಸುಮಾರು 29,000 ಕಿಲೋಮೀಟರ್. ಅವನ ಕೈಯಲ್ಲಿದ್ದದ್ದು ನಾಲ್ಕು ಸಿಲಿಂಡರಿನ ಹೆಂಡರ್ಸನ್. ಡೆಟ್ರಾಯಿಟಿನ ಆ ಕಂಪನಿ ಬೈಕು ಮಾರಲು ಶುರುಮಾಡಿದ್ದೇ 1912ರಲ್ಲಿ. ಅಷ್ಟು ಹೊಸ ಕಂಪನಿಯ ಬಿಡಿಭಾಗ ಕೊಲಂಬೋದ ಅಂಗಡಿಯ ಕಪಾಟಿನಲ್ಲಿ ಇರುತ್ತದೆಂದು ಯಾರೂ ನಿರೀಕ್ಷಿಸುವಂತಿರಲಿಲ್ಲ.

ಕ್ಲಾನ್ಸಿ ದಾರಿಖರ್ಚಿಗಾಗಿ ಲೇಖನಗಳನ್ನು ಕಳಿಸುತ್ತಿದ್ದ ಪತ್ರಿಕೆಯ ಹೆಸರು ‘ಬೈಸಿಕ್ಲಿಂಗ್ ವರ್ಲ್ಡ್ ಅಂಡ್ ಮೋಟರ್‌ಸೈಕಲ್ ರಿವ್ಯೂ’. ಆ ಹೆಸರಲ್ಲೇ ಆ ಕಾಲದ ಇತಿಹಾಸವಿದೆ. ಮೋಟಾರ್ ಸೈಕಲ್ ಇನ್ನೂ ಸೈಕಲ್ಲಿನ ಮನೆಯಿಂದ ಬೇರೆಯಾಗಿರಲಿಲ್ಲ. ಟೈರಿಗೆ ಪಂಕ್ಚರ್ ಹಾಕುವುದು, ಕಡ್ಡಿ ಬಿಗಿಯುವುದು, ಚೈನು ಕೂಡಿಸುವುದು ಸೈಕಲ್ ಶಾಪಿನವನಿಗೂ ಗೊತ್ತಿದ್ದ ಕೆಲಸ. ಕಬ್ಬಿಣ ಬೆಸೆಯಲು ಕಮ್ಮಾರನಿದ್ದ. ಅಂದರೆ ಡೀಲರ್ ಇಲ್ಲದ ಕಾಲದಲ್ಲೂ ರಿಪೇರಿ ಇತ್ತು. ಕಂಪನಿಗೆ ಇಂಥ ಸವಾರ ಓಡಾಡುವ ಜಾಹೀರಾತು. ‘ನಮ್ಮ ಗಾಡಿ ಲೋಕ ಸುತ್ತಿತು’ ಎಂಬ ಮಾತಿಗೆ ಕಂಪನಿ ಬೆಲೆ ಕೊಡುತ್ತಿತ್ತು.

1930ರ ದಶಕದ ಸಾಹಸಗಳ ಹಿಂದೆಯೂ ಇದೇ ಲೆಕ್ಕ ಇತ್ತು. 1932ರಲ್ಲಿ ಲಂಡನ್ನಿನಿಂದ ಹೊರಟ ರಾಬರ್ಟ್ ಎಡಿಸನ್ ಫುಲ್ಟನ್ ಜೂನಿಯರ್‌ಗೆ ಬೈಕು ಕೊಟ್ಟದ್ದು ಡಗ್ಲಸ್ ಕಂಪನಿ. ಕಾರಿನ ಟೈರು, ಹೆಚ್ಚಿನ ಪೆಟ್ರೋಲ್ ಟ್ಯಾಂಕು ಹಾಕಿ ಸಿದ್ಧಗೊಳಿಸಿದ ಆ ಗಾಡಿಯಲ್ಲಿ ಅವನು ತುರ್ಕಿ, ಇರಾಕ್ ದಾಟಿ ಭಾರತಕ್ಕೆ ಬಂದ, ಮುಂದೆ ಚೀನಾ, ಜಪಾನ್ ಮುಟ್ಟಿದ. ಅದಕ್ಕೂ ಮೊದಲೇ, 1928ರಲ್ಲಿ, ಹಂಗೇರಿಯ ಝೋಲ್ತಾನ್ ಸುಲ್ಕೋವ್‌ಸ್ಕಿ ಮತ್ತು ಜ್ಯೂಲಾ ಬಾರ್ತಾ ಎಂಬಿಬ್ಬರು ಸೈಡ್‌ಕಾರ್ ಕಟ್ಟಿದ ಹಾರ್ಲೆ ಡೇವಿಡ್‌ಸನ್‌ನಲ್ಲಿ ಹೊರಟಿದ್ದರು. ಭಾರತವನ್ನೂ ಹಾದ ಅವರ ಪ್ರಯಾಣ ಮುಗಿದದ್ದು 1936ರಲ್ಲಿ. ಎಂಟು ವರ್ಷ ಒಂದು ಯಂತ್ರ ಓಡಬೇಕಾದರೆ ಸವಾರನ ಛಲವೊಂದೇ ಸಾಲದು. 1920ರ ಹೊತ್ತಿಗೇ ಹಾರ್ಲೆಗೆ 67 ದೇಶಗಳಲ್ಲಿ ಡೀಲರುಗಳಿದ್ದರು. ಕ್ಲಾನ್ಸಿಯ ಹೆಂಡರ್ಸನ್‌ಗೂ ಈ ಹಾರ್ಲೆಗೂ ನಡುವಿನ ವ್ಯತ್ಯಾಸವನ್ನು ಎಂಜಿನ್ನಿನಲ್ಲಿ ಹುಡುಕುವುದಕ್ಕಿಂತ ಈ ಅಂಗಡಿಗಳ ಪಟ್ಟಿಯಲ್ಲಿ ಹುಡುಕುವುದು ಹೆಚ್ಚು ಸರಿ.

ಆದರೆ ಪಟ್ಟಿಯಲ್ಲಿರುವುದು ಬಂದರಿನ ಊರುಗಳು, ರಾಜಧಾನಿಗಳು. ಬೈಕು ಕೆಡುವುದು ಅವುಗಳ ನಡುವೆ. ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಇಂಗ್ಲಿಷ್ ಯುವತಿಯರು 1934ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಕೇಪ್‌ಟೌನಿಗೆ ಹೊರಟರು. ಯಾರ್ಕ್‌ಶೈರಿನ ಫೆಲಾನ್ ಅಂಡ್ ಮೂರ್ ತಯಾರಿಸಿದ 600 ಸಿಸಿ ಪ್ಯಾಂಥರ್, ಅದಕ್ಕೊಂದು ಸೈಡ್‌ಕಾರ್, ಹಿಂದೊಂದು ಟ್ರೇಲರ್. ದಿಕ್ಸೂಚಿ ಇಲ್ಲದೆ ಸಹಾರಾ ದಾಟಿದ ಅವರಿಗೆ ಅಗಾದೆಜ್‌ನಲ್ಲಿ ಎಂಜಿನ್ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮರಳುಗಾಡಿನ ಅಂಚಿನ ಆ ಊರಿನಲ್ಲಿ ಕಂಪನಿಯ ಫಲಕ ಹಾಕಿಕೊಂಡವರು ಯಾರಿರಲು ಸಾಧ್ಯ? ವಾಲಕ್ ಎಂಜಿನಿಯರಿಂಗ್ ಓದಿದವಳು, ಕೈಗೆ ಗ್ರೀಸು ಹತ್ತಿಸಿಕೊಂಡು ಬೆಳೆದವಳು. 1935ರ ಜುಲೈ ಕೊನೆಯಲ್ಲಿ ಇಬ್ಬರೂ ಕೇಪ್‌ಟೌನ್ ತಲುಪಿದರು.

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಲೇಬೇಕು. ಅನ್ಯದೇಶದಲ್ಲಿ ರಿಪೇರಿ ಕಷ್ಟವಾಗುವುದು ಬಿಡಿಭಾಗ ಸಿಗದಿರುವುದರಿಂದ ಮಾತ್ರವಲ್ಲ. ನಟ್ಟು ಬಿಚ್ಚುವ ಪಾನಾ ಕೂಡ ಸಿಗದೇ ಹೋಗಬಹುದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಇಂಗ್ಲೆಂಡಿನ ಸ್ಕ್ರೂ ಮರೆಯ ಕೋನ 55 ಡಿಗ್ರಿ. ಅಮೆರಿಕದ್ದು, ಯುರೋಪಿನ ಮೆಟ್ರಿಕ್ಕಿನದು 60 ಡಿಗ್ರಿ. ಇಂಗ್ಲಿಷ್ ಪಾನಾದ ಮೇಲಿನ ಸಂಖ್ಯೆ ಬೋಲ್ಟಿನ ವ್ಯಾಸ ಹೇಳುತ್ತದೆ. ಮೆಟ್ರಿಕ್ ಪಾನಾದ ಸಂಖ್ಯೆ ನಟ್ಟಿನ ಎರಡು ಮುಖಗಳ ನಡುವಿನ ಅಗಲ ಹೇಳುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೋಲ್ಟುಗಳಲ್ಲಿ ಒಂದು ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹೀಗಾಗಿ ಇಂಗ್ಲಿಷ್ ಬೈಕಿನ ಸವಾರನಿಗೆ ಬ್ರಿಟಿಷ್ ಸಾಮ್ರಾಜ್ಯದ ಊರುಗಳಲ್ಲಿ ಸಿಗುತ್ತಿದ್ದ ಅನುಕೂಲ ಬರೀ ಭಾಷೆಯದಲ್ಲ, ಸ್ಕ್ರೂ ಮರೆಯದೂ ಹೌದು. ವಸಾಹತುಗಳಲ್ಲಿ ರೈಲು, ಕಾರು, ಪಂಪುಗಳ ಜೊತೆ ವಿಟ್‌ವರ್ತ್ ಅಳತೆಯೂ ಬಂದಿಳಿದಿತ್ತು.

ಆ ಊರುಗಳ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುತ್ತಿದ್ದವರು ಯಾರು ಎಂಬುದನ್ನೂ ಕೇಳಬೇಕು. ಕೌಂಟರಿನ ಹಿಂದೆ ಏಜೆಂಟ್ ಸಾಹೇಬ, ಒಳಗೆ ಕಪ್ಪು, ಕಂದು ಕೈಗಳು. ಕಥನಗಳಲ್ಲಿ ಆತಿಥ್ಯದ ಹೊಗಳಿಕೆ ಸಾಹೇಬನಿಗೆ ಸಲ್ಲುತ್ತದೆ. ಎಂಜಿನ್ ಕಟ್ಟಿದವನು ‘ಒಬ್ಬ ಸ್ಥಳೀಯ ಹುಡುಗ’ ಆಗಿ ಉಳಿಯುತ್ತಾನೆ. ಅದೇ ಕಾಲದಲ್ಲಿ ಕಂದು ಚರ್ಮದ ಸವಾರನೊಬ್ಬ ಅದೇ ಅಂಗಡಿಯ ಬಾಗಿಲಿಗೆ ಬಂದಿದ್ದರೆ ಅದೇ ಸ್ವಾಗತ ಸಿಗುತ್ತಿತ್ತೇ? ದಾರಿಹೋಕನಿಗೆ ಸಿಕ್ಕ ಸಹಾಯವನ್ನು ಮನುಷ್ಯರ ಒಳ್ಳೆಯತನ ಎಂದಷ್ಟೇ ಓದಿದರೆ ಈ ಪ್ರಶ್ನೆ ಕಾಣದೆ ಹೋಗುತ್ತದೆ.

ಡೀಲರ್ ಎಂಬ ಎಳೆಯ ಇನ್ನೊಂದು ತುದಿಯಲ್ಲಿ ಕಾರ್ಖಾನೆ ಇದೆ. ಆ ತುದಿಯೇ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಟೆಡ್ ಸೈಮನ್ ಹೊರಟ ವರ್ಷವೇ ಸಾಕ್ಷಿ. 1973ರ ಅಕ್ಟೋಬರ್ 6ರಂದು ಅವರು 500 ಸಿಸಿ ಟ್ರಯಂಫ್ ಟೈಗರ್‌ನಲ್ಲಿ ಲಂಡನ್ ಬಿಟ್ಟರು. ಈಜಿಪ್ಟ್, ಇಸ್ರೇಲ್ ನಡುವೆ ಯುದ್ಧ ಶುರುವಾದದ್ದೂ ಅದೇ ದಿನ. ಆದರೆ ಅವರ ಬೈಕಿನ ಮಟ್ಟಿಗೆ ಇನ್ನೊಂದು ಜಗಳ ಹಿಂದಿನ ತಿಂಗಳೇ ಆರಂಭವಾಗಿತ್ತು. ಕಾರ್ಖಾನೆ ಮುಚ್ಚುತ್ತೇವೆ ಎಂದು ಮಾಲೀಕರು ಘೋಷಿಸಿದಾಗ ಮೆರಿಡೆನ್‌ನ ಟ್ರಯಂಫ್ ಕಾರ್ಮಿಕರು ಒಳಗೇ ಕೂತು ಗೇಟು ಹಾಕಿದರು. ಆ ಧರಣಿ 1975ರವರೆಗೆ ನಡೆದು, ಕಡೆಗೆ ಸರ್ಕಾರದ ಸಾಲದಿಂದ ಅದು ಕಾರ್ಮಿಕರ ಸಹಕಾರಿ ಸಂಸ್ಥೆಯಾಯಿತು, 1983ರಲ್ಲಿ ಮುಚ್ಚಿತು. ಸೈಮನ್ ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕದಲ್ಲಿ ಓಡುತ್ತಿದ್ದಾಗ ಅವರ ಬೈಕು ಹುಟ್ಟಿದ ಮನೆಯ ಬಾಗಿಲಿಗೆ ಅಗಳಿ ಬಿದ್ದಿತ್ತು. ನಾಲ್ಕು ವರ್ಷ, 45 ದೇಶ, 64,000 ಮೈಲಿಗಳ ಆ ಪ್ರಯಾಣದ ಕಥನ ‘ಜುಪಿಟರ್ಸ್ ಟ್ರಾವೆಲ್ಸ್’ 1979ರಲ್ಲಿ ಬಂತು. ಅವರ ಬೈಕು ಈಗ ಕವೆಂಟ್ರಿಯ ಸಾರಿಗೆ ಮ್ಯೂಸಿಯಮ್ಮಿನಲ್ಲಿದೆ, ಮೆರಿಡೆನ್‌ನಿಂದ ಕೂಗಳತೆ ದೂರದಲ್ಲಿ. ಕಾರ್ಖಾನೆ ಇಲ್ಲ, ಅದು ಹೆತ್ತ ಗಾಡಿ ಇದೆ.

ಸೈಮನ್ ಹೊರಟ ಹೊತ್ತಿಗೆ ಲೋಕದ ರಿಪೇರಿ ಭೂಪಟವನ್ನು ಜಪಾನಿನವರು ಹೊಸದಾಗಿ ಬರೆಯುತ್ತಿದ್ದರು. ಹೋಂಡಾ 1959ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಂಗಡಿ ತೆರೆದಿತ್ತು. ಅದರ ಸೂಪರ್ ಕಬ್ 2017ರ ಹೊತ್ತಿಗೆ 10 ಕೋಟಿ ತಯಾರಾಯಿತು. ಊರಿನ ಪ್ರತಿ ಬೀದಿಯಲ್ಲೂ ಒಂದೇ ಜಾತಿಯ ಎಂಜಿನ್ ಓಡುವಾಗ ದಾರಿಹೋಕನ ಪಾಡು ಬದಲಾಗುತ್ತದೆ. ಅವನಿಗೆ ಬೇಕಾದ ಸ್ಪಾರ್ಕ್ ಪ್ಲಗ್, ಚೈನು, ಕೇಬಲ್ಲು ಸ್ಥಳೀಯನಿಗೂ ಬೇಕು. ಅದನ್ನು ಡೀಲರ್ ದಾರಿಹೋಕನಿಗಾಗಿ ತರಿಸಿಡಬೇಕಿಲ್ಲ. ಪರದೇಶದ ಸವಾರನನ್ನು ಕಾಪಾಡುವುದು ಪರದೇಶದವರಿಗೆಂದು ಮಾಡಿಟ್ಟ ಸೇವೆಯಲ್ಲ, ಊರಿನವರ ದಿನನಿತ್ಯದ ಬಳಕೆ.

ಹಾಗಾದರೆ ಡೀಲರ್ ಇಲ್ಲದಿದ್ದರೆ ಗಾಡಿ ಬಿಟ್ಟು ಬರಬಹುದಲ್ಲ ಎಂದು ಕೇಳುವವರಿಗೆ ಒಂದು ಕಾಗದದ ಬಗ್ಗೆ ಹೇಳಬೇಕು. ಅದರ ಹೆಸರು ಕಾರ್ನೆ. ವಾಹನವನ್ನು ತಾತ್ಕಾಲಿಕವಾಗಿ ಒಂದು ದೇಶದೊಳಗೆ ತರುತ್ತೇನೆ, ಮತ್ತೆ ಹೊರಗೆ ಒಯ್ಯುತ್ತೇನೆ ಎಂಬ ವಾಗ್ದಾನ ಪತ್ರ ಅದು. ಸುಂಕ ಕಟ್ಟದೆ ಗಡಿ ದಾಟಬೇಕಾದರೆ ಹಲವು ದೇಶಗಳಲ್ಲಿ ಅದು ಬೇಕೇ ಬೇಕು. ಅದಕ್ಕಾಗಿ ಸವಾರ ತನ್ನೂರಿನ ಆಟೊಮೊಬೈಲ್ ಸಂಘದಲ್ಲಿ ದೊಡ್ಡ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಖಾತರಿ ಇಟ್ಟಿರುತ್ತಾನೆ. ಕೆಟ್ಟ ಗಾಡಿಯನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿದರೆ ಆ ಹಣಕ್ಕೆ ಸಂಚಕಾರ. ಹಾಗಾಗಿ ಕೆಟ್ಟು ನಿಂತವನಿಗೆ ರಿಪೇರಿ ಎಂಬುದು ಅನುಕೂಲದ ಮಾತಲ್ಲ. ವೀಸಾದ ದಿನಗಳು ಕರಗುತ್ತಿರುತ್ತವೆ, ತರಿಸಿದ ಬಿಡಿಭಾಗ ಸುಂಕದ ಕಚೇರಿಯಲ್ಲಿ ಕೂತಿರುತ್ತದೆ, ಗಾಡಿ ಕದಲದೆ ಅವನು ಕದಲುವಂತಿಲ್ಲ. ಆ ಹೊತ್ತಿನಲ್ಲಿ ಡೀಲರ್ ಮಾಡುವ ಒಂದು ಫೋನ್ ಕರೆಗೆ ಇರುವ ಬೆಲೆ ಬಿಲ್ಲಿನಲ್ಲಿ ಬರೆಯುವಂಥದ್ದಲ್ಲ.

ಇದೆಲ್ಲ ಓದಿಕೊಂಡು ನಾನು ಮೈಸೂರಿನ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿ ಹೋಗಿದ್ದೆ. ಮೈಸೂರಿಗೆ ಹೋದದ್ದಕ್ಕೆ ಕಾರಣವಿತ್ತು. ಚೆಕೊಸ್ಲೊವಾಕಿಯದ ಜಾವಾ ಬೈಕು ನಮ್ಮಲ್ಲಿ ತಯಾರಾದದ್ದು ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1961ರಿಂದ. ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿ ಎಂಬ ಹೆಸರು ಹೊತ್ತಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೆರಿಡೆನ್‌ನ ಕಥೆ ನಮ್ಮ ಮನೆ ಬಾಗಿಲಲ್ಲೂ ನಡೆದಿದೆ.

ಆ ಹಿರಿಯರ ಗ್ಯಾರೇಜು ಎರಡು ಬೈಕು ನಿಲ್ಲುವಷ್ಟು ಜಾಗ. ಕಂಪನಿ ಮುಚ್ಚಿದ ಮೇಲೆ ಸ್ಪೇರಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಹಳೇ ಡೀಲರ್‌ಗಳ ಹತ್ರ ಇದ್ದಿದ್ದು ಖಾಲಿಯಾಗೋವರ್ಗೂ ತಂದ್ವಿ. ಆಮೇಲೆ ಗುಜರಿ. ಅಲ್ಲೂ ಸಿಗ್ಲಿಲ್ಲ ಅಂದ್ರೆ ಲೇತ್‌ಗೆ ಹೋಗೋದು, ಇನ್ನೇನಮ್ಮಾ?” ಎಂದರು. ಹೊರದೇಶದವರು ಬಂದದ್ದುಂಟೇ ಎಂದೆ. ಬಹಳ ವರ್ಷದ ಹಿಂದೆ ಬುಲೆಟ್ಟಿನಲ್ಲಿ ಊಟಿ ಕಡೆ ಹೊರಟಿದ್ದ ಪರದೇಶಿಯೊಬ್ಬನ ಕ್ಲಚ್ಚು ಕೆಟ್ಟು ಇವರ ಬಾಗಿಲಿಗೆ ಬಂದಿತ್ತಂತೆ. ದುಡ್ಡು ತೆಗೆದುಕೊಂಡಿರಾ ಎಂಬ ನನ್ನ ಪ್ರಶ್ನೆಗೆ ಅವರು ನಕ್ಕರು. “ತಗೊಂಡೆ ಕಣಮ್ಮ. ಧರ್ಮಕ್ಕೇನೂ ಮಾಡ್ಲಿಲ್ಲ. ಆದ್ರೆ ಮೊದ್ಲು ಅವನ್ದು ಮಾಡ್ದೆ. ಊರೋರು ನಾಳೆ ಬೇಕಾದ್ರೂ ಬರ್ಬೋದು. ಅವ್ನು ನಾಳೆ ಎಲ್ಲಿರ್ತಾನೋ.”

ಈ ಮಾತು ನಾನು ಓದಿದ ಪುಸ್ತಕಗಳನ್ನೆಲ್ಲ ಬೇರೆ ಬೆಳಕಿನಲ್ಲಿ ತೋರಿಸಿತು. ದಾರಿಹೋಕನಿಗೆ ಸಿಗುವ ಸಹಾಯ ಎಂದರೆ ರಿಯಾಯಿತಿ ಅಲ್ಲ, ಪುಕ್ಕಟೆ ಕೆಲಸವೂ ಅಲ್ಲ. ಅದು ಸರದಿಯಲ್ಲಿ ಮುಂದಿನ ಜಾಗ. ಸರದಿಯಲ್ಲಿ ಒಬ್ಬ ಮುಂದೆ ಬಂದರೆ ಇನ್ನೊಬ್ಬ ಹಿಂದೆ ಸರಿಯಬೇಕು. ಅಂದು ಬೆಳಗಿನಿಂದ ಕಾದಿದ್ದ ಹಾಲಿನವನೋ, ಪೇಪರಿನವನೋ ಅರ್ಧ ದಿನದ ಕೆಲಸ ಬಿಟ್ಟಿರಬೇಕು. ಆತಿಥ್ಯದ ಖರ್ಚನ್ನು ಕೊಟ್ಟವರು ಅವರು. ಪ್ರವಾಸ ಕಥನದಲ್ಲಿ ಅವರ ಬಗ್ಗೆ ಅಲ್ಪವಿರಾಮವೂ ಇಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ದಾರಿಬದಿ ಅರವಟ್ಟಿಗೆ ಇಡುವವರು ನೀರು ಕುಡಿದವನು ಮತ್ತೆ ಬರಲಿ ಎಂದು ಕಾಯುವುದಿಲ್ಲ. ಆದರೆ ಆ ಮಡಕೆಗೆ ನೀರನ್ನು ಯಾರೋ ಹೊತ್ತು ತಂದಿರುತ್ತಾರೆ.

ಇನ್ನೊಂದು ಅಂಶ. ಹೀಗೆ ಮುಂದಿನ ಜಾಗ ಕೊಡುವ ಸ್ವಾತಂತ್ರ್ಯ ಗ್ಯಾರೇಜಿನ ಯಜಮಾನನಿಗೆ ಇರುತ್ತದೆ. ಕಂಪ್ಯೂಟರಿನಲ್ಲಿ ಸಮಯ ಕಾಯ್ದಿರಿಸುವ ದೊಡ್ಡ ಸರ್ವಿಸ್ ಸೆಂಟರಿನ ನೌಕರನಿಗೆ ಮನಸ್ಸಿದ್ದರೂ ಆ ಅಧಿಕಾರ ಇರುವುದಿಲ್ಲ. ಅದೇ ವೇಳೆ ಹೊಸ ಬೈಕುಗಳ ದೋಷ ಹುಡುಕಲು ಕಂಪನಿಯ ಯಂತ್ರ, ಕಂಪನಿಯ ಸಾಫ್ಟ್‌ವೇರ್ ಬೇಕು. ಬೀದಿಯ ಮೆಕ್ಯಾನಿಕ್ಕಿಗೆ ಮನಸ್ಸೂ ಅಧಿಕಾರವೂ ಇದ್ದರೂ ಆ ಕೀಲಿ ಕೈಯಲ್ಲಿಲ್ಲ. 2004ರಲ್ಲಿ ಇವಾನ್ ಮ್ಯಾಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಜೊತೆ ‘ಲಾಂಗ್ ವೇ ರೌಂಡ್’ಗೆ ಹೊರಟ ಛಾಯಾಗ್ರಾಹಕ ಕ್ಲಾಡಿಯೊ ಫಾನ್ ಪ್ಲಾಂಟಾನ ಬಿಎಂಡಬ್ಲ್ಯು ಮಂಗೋಲಿಯಾದಲ್ಲಿ ಕೆಟ್ಟಿತು. ಅದನ್ನು ರಿಪೇರಿಗೆಂದು ಉಲಾನ್‌ಬಾತರಿಗೆ ಸಾಗಿಸಿ, ಅವನಿಗೆ ಅಲ್ಲೇ ಒಂದು ರಷ್ಯನ್ ಇಝ್ ಪ್ಲಾನೆಟಾ ಕೊಳ್ಳಲಾಯಿತು. ಆ ಹಳೆಯ ಮಾದರಿಯ ಗಾಡಿಯೂ ಕೆಡುತ್ತಿತ್ತು. ಆದರೆ ಅದನ್ನು ಸರಿಮಾಡುವುದು ಅಲ್ಲಿಯವರಿಗೆ ಗೊತ್ತಿತ್ತು.

ನಮ್ಮ ಕಡೆಯಿಂದ ನೋಡಿದರೆ ಈ ಇತಿಹಾಸಕ್ಕೆ ಒಂದು ತಿರುವೂ ಇದೆ. ರಾಯಲ್ ಎನ್‌ಫೀಲ್ಡ್‌ನ ಇಂಗ್ಲೆಂಡಿನ ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಮದ್ರಾಸಿನಲ್ಲಿ 1955ರಲ್ಲಿ ಆರಂಭವಾದದ್ದು ನಿಲ್ಲಲಿಲ್ಲ. 1977ರಲ್ಲಿ ಮದ್ರಾಸಿನ ಬುಲೆಟ್ ಇಂಗ್ಲೆಂಡಿಗೇ ರಫ್ತಾಗತೊಡಗಿತು. ಹಿಂದೆ ಬಿಡಿಭಾಗ ಇಂಗ್ಲೆಂಡಿನಿಂದ ಬರಲಿ ಎಂದು ನಾವು ಕಾಯುತ್ತಿದ್ದೆವು. ಈಗ ಇಂಗ್ಲೆಂಡಿನ ಬುಲೆಟ್ ಸವಾರ ತಮಿಳುನಾಡಿನ ಕಡೆ ನೋಡಬೇಕು. ಪೂರ್ವ ಆಫ್ರಿಕಾದಲ್ಲಿ ಬಾಡಿಗೆ ಓಡಿಸುವವರ ಕೈಯಲ್ಲಿ ಬಜಾಜ್ ಬಾಕ್ಸರ್ ಇದೆ. ಬೆಂಗಳೂರಿನಿಂದ ಭಾರತದ ಬೈಕೊಂದನ್ನು ಹಡಗಿಗೆ ಹಾಕಿ ಆಫ್ರಿಕಾಕ್ಕೆ ಹೊರಡುವ ಯುವಕನಿಗೆ ಕಂಪಾಲಾದ ಬೀದಿಯ ಮೆಕ್ಯಾನಿಕ್ ಅಪರಿಚಿತನಾಗಿದ್ದರೂ ಪಾನಾ ಪರಿಚಿತ. ವಿಟ್‌ವರ್ತ್ ಮರೆ ಒಂದು ಕಾಲದಲ್ಲಿ ಇಂಗ್ಲಿಷರಿಗೆ ಕೊಟ್ಟ ಅನುಕೂಲ ಈಗ ಬೇರೆ ದಾರಿಯಲ್ಲಿ ನಮ್ಮವರಿಗೂ ಸಿಗುತ್ತಿದೆ. ಹಾಗೆ ಸಿಕ್ಕಾಗ, ಸರದಿಯಲ್ಲಿ ಹಿಂದೆ ಸರಿದ ಬಾಡಿಗೆ ಬೈಕಿನವನನ್ನು ನಾವು ಗಮನಿಸುತ್ತೇವೆಯೇ ಎಂಬುದು ನಮ್ಮ ಪ್ರವಾಸ ಕಥನಗಳಿಗೆ ಇರುವ ಪರೀಕ್ಷೆ.

ಥೆರೆಸಾ ವಾಲಕ್ ಮುಂದೆ ಏನಾದಳು ಎಂಬುದನ್ನು ಹೇಳಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸಂದೇಶವಾಹಕಳಾಗಿ ಬೈಕು ಓಡಿಸಿದಳು. ಯುದ್ಧದ ನಂತರ ನಾರ್ಟನ್ ಬೈಕಿನಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಸುತ್ತಿದಳು. 1952ರಲ್ಲಿ ಅಮೆರಿಕಕ್ಕೆ ಹೋಗಿ ಷಿಕಾಗೊದಲ್ಲಿ ಮೋಟಾರ್ ಸೈಕಲ್ ಅಂಗಡಿ ಇಟ್ಟಳು. ಎಪ್ಪತ್ತರ ದಶಕದಲ್ಲಿ ಅರಿಝೋನಾದಲ್ಲಿ ಬೈಕು ಕಲಿಸುವ ಶಾಲೆ ತೆರೆದಳು. ಸಹಾರಾದ ಕಥೆ ಪುಸ್ತಕವಾಗಿ ಬಂದದ್ದು 2001ರಲ್ಲಿ, ಅವಳು ತೀರಿಕೊಂಡ ಎರಡು ವರ್ಷದ ಮೇಲೆ. ಕೌಂಟರಿನ ಎರಡೂ ಬದಿಯಲ್ಲಿ ನಿಂತವಳು ಅವಳು. ಆದರೂ ಪುಸ್ತಕವಾದದ್ದು ಸಹಾರಾ. ಷಿಕಾಗೊದ ಅಂಗಡಿಯ ವರ್ಷಗಳು ಅವಳ ಪರಿಚಯದಲ್ಲಿ ಒಂದು ಸಾಲು.

ನನ್ನಂಥವರಿಗೆ ಇದು ಆಕರಗಳ ಸಮಸ್ಯೆಯೂ ಹೌದು. ಸವಾರ ಬರೆಯುತ್ತಾನೆ, ಡೀಲರ್ ಬರೆಯುವುದಿಲ್ಲ. ಅವನು ಬರೆದದ್ದು ಜಾಬ್ ಕಾರ್ಡು, ಬಿಲ್ ಪುಸ್ತಕ, ಸ್ಪೇರಿನ ದಾಸ್ತಾನು ವಹಿ. ಅಂಗಡಿ ಮುಚ್ಚಿದ ದಿನ ಅವು ಗುಜರಿಗೆ ಹೋಗುತ್ತವೆ. ಮೈಸೂರಿನ ಆ ಹಿರಿಯರ ಬಳಿ ಗ್ರೀಸು ಹತ್ತಿದ ಎರಡು ನೋಟ್ ಪುಸ್ತಕ ಉಳಿದಿವೆ. ಗಾಡಿ ನಂಬರು, ಕೆಲಸ, ಬಾಕಿ ಎಂಬ ಮೂರು ಕಲಮುಗಳು. ಅವುಗಳನ್ನು ಸ್ಕ್ಯಾನ್ ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದಾರೆ. ಓದುಗರ ಮನೆಯ ಅಟ್ಟದಲ್ಲಿ ಹಳೆಯ ಗ್ಯಾರೇಜಿನದೋ, ಷೋರೂಮಿನದೋ ಇಂಥ ವಹಿ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಬಾಕಿ ಕಲಮಿನಲ್ಲಿ ಏನೂ ಬರೆಯದೆ ಬಿಟ್ಟ ಸಾಲುಗಳಲ್ಲಿ ಯಾರೋ ದಾರಿಹೋಕರು ಇರಬಹುದು.